ಯಂತ್ರ ಮೊದಲೋ, ಅರ್ಜಿ ಮೊದಲೋ: ಸಹಾಯಧನದ ಪ್ರಶ್ನೋತ್ತರ

ನಿರ್ವಾಹಕ: ಈ ವಾರದ ವಿಷಯ ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆ ಸಿಗುವ ಸಹಾಯಧನ. ಉತ್ತರಿಸುವವರು ಇದೇ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಯಾಗಿ ಕೆಲಸ ಮಾಡಿದವರು. ಫಾರ್ವರ್ಡ್ ಸಂದೇಶ ಬೇಡ.

ಶಿರಾ, ಎಣ್ಣೆ ಗಾಣ: ನಮಸ್ಕಾರ ಮೇಡಂ. ಸಹಾಯಧನ ಒಟ್ಟು ಎಷ್ಟು?

ಉತ್ತರ: ನಮಸ್ಕಾರ. ಕೇಂದ್ರದ್ದು ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ. ನಮ್ಮ ರಾಜ್ಯ ಇನ್ನೂ ಶೇ 15 ಸೇರಿಸಿ ಅದನ್ನು ಶೇ 50, ಗರಿಷ್ಠ 15 ಲಕ್ಷ ಮಾಡಿದೆ. ನಿಮ್ಮ ಕೈಯಿಂದ ಕನಿಷ್ಠ ಶೇ 10 ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ಇದು 2025–26ರವರೆಗಿನ ನಿಯಮ. ಅರ್ಜಿ ಹಾಕುವ ಮುಂಚೆ ಕೆಪೆಕ್‌ನಲ್ಲಿ, ಅಂದರೆ ರಾಜ್ಯದಲ್ಲಿ ಈ ಯೋಜನೆ ನೋಡಿಕೊಳ್ಳುವ ನಿಗಮದಲ್ಲಿ, ಇನ್ನೊಮ್ಮೆ ಕೇಳಿಕೊಳ್ಳಿ. ವೆಚ್ಚ ಎಂದರೆ ಯಂತ್ರ ಮತ್ತು ಅದಕ್ಕೆ ಬೇಕಾದ ಕಟ್ಟಡದ ಕೆಲಸ. ಜಮೀನಿನ ಬೆಲೆ, ಕಡಲೆಕಾಯಿ ಖರೀದಿ ಅದರಲ್ಲಿ ಬರುವುದಿಲ್ಲ.

ಕುಂದಾಪುರ, ಹಪ್ಪಳ: ಹಾಗಾದರೆ 10 ಲಕ್ಷದ ಯೋಜನೆಗೆ 5 ಲಕ್ಷ ನಮ್ಮ ಕೈಗೆ ಬರುತ್ತದೆಯೇ?

ಉತ್ತರ: ಕೈಗೆ ಬರುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಇರುತ್ತದೆ. ಸಾಲದ ಹಣ ಪೂರ್ತಿ ಬಿಡುಗಡೆಯಾದ ಮೇಲೆ ಮೂರು ವರ್ಷ ನೀವು ಕಂತು ತಪ್ಪಿಸದೆ, ಘಟಕವೂ ನಡೆಯುತ್ತಿದ್ದರೆ ಅದನ್ನು ಸಾಲಕ್ಕೆ ಜಮೆ ಮಾಡುತ್ತಾರೆ.

ಸಿಂದಗಿ, ಜೋಳದ ರೊಟ್ಟಿ: ಮೇಡಂ, ನಮ್ಮದು ಹತ್ತು ಮಂದಿಯ ಸಂಘ. ಕೈಯಲ್ಲಿ ಬಡಿದು ಒಣಗಿಸಿದ ರೊಟ್ಟಿಯನ್ನು ಪುಣೆಯವರೆಗೆ ಕಳಿಸುತ್ತೇವೆ. ಸಹಾಯಧನ ಬಂದೇ ಬರುತ್ತದೆ ಎಂದು ಡೀಲರ್ ಹೇಳಿದ್ದಕ್ಕೆ ಒಡವೆ ಅಡವಿಟ್ಟು 3 ಲಕ್ಷ 20 ಸಾವಿರಕ್ಕೆ ರೊಟ್ಟಿ ಯಂತ್ರ ತಂದೆವು. ನಾಲ್ಕು ತಿಂಗಳಾಯಿತು, ಪಡಸಾಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿದೆ. ಈಗ ಅರ್ಜಿ ಹಾಕಬಹುದೇ? ಹೊಸ ತಾರೀಖಿನ ಬಿಲ್ಲು ಬರೆದುಕೊಡುತ್ತೇನೆ ಎಂದು ಡೀಲರ್ ಅನ್ನುತ್ತಿದ್ದಾರೆ.

ಉತ್ತರ: ಇದನ್ನು ಎರಡು ಸಲ ಓದಿದೆ. ಬೇಸರ ಮಾಡಿಕೊಳ್ಳಬೇಡಿ, ಆ ಯಂತ್ರಕ್ಕೆ ಸಹಾಯಧನ ಸಿಗುವುದಿಲ್ಲ. ಇದು ಸಾಲಕ್ಕೆ ಜೋಡಿಸಿದ ಸಹಾಯಧನ. ಮೊದಲು ದರಪಟ್ಟಿ ಮತ್ತು ಅರ್ಜಿ, ಆಮೇಲೆ ಮಂಜೂರಾತಿ. ಯಂತ್ರ ಮನೆಗೆ ಬರುವುದು ಅದೆಲ್ಲ ಆದ ಮೇಲೆ. ನಿಮ್ಮಲ್ಲಿ ಅದೇ ಮೊದಲು ಬಂದು ಕುಳಿತಿದೆ.

ಡೀಲರ್ ಹೇಳುವ ಉಪಾಯಕ್ಕೆ ಮಾತ್ರ ಒಪ್ಪಬೇಡಿ. ಹಳೆಯ ಯಂತ್ರಕ್ಕೆ ಹೊಸ ತಾರೀಖಿನ ಬಿಲ್ಲು ಹಚ್ಚುವುದು ಬ್ಯಾಂಕಿಗೆ ಮಾಡುವ ಮೋಸ. ಯಂತ್ರದ ಪಕ್ಕದಲ್ಲಿ ಅಂಗೈಯಗಲದ ತಗಡಿನ ಪಟ್ಟಿ ಇರುತ್ತದೆ, ಅದರ ಮೇಲೆ ಕ್ರಮಸಂಖ್ಯೆ ಒತ್ತಿರುತ್ತಾರೆ. ತಪಾಸಣೆಗೆ ಹೋದಾಗ ನಾನು ಮೊದಲು ಬಗ್ಗಿ ನೋಡುತ್ತಿದ್ದುದು ಅದನ್ನೇ. ಒಂದು ಕಡೆ ಪಟ್ಟಿಯನ್ನೇ ಕಿತ್ತಿದ್ದರು. ನಾಲ್ಕು ತಿರುಪಿನ ತೂತು ಉಳಿದಿದ್ದವು, ತೂತಿನೊಳಗೆ ಹಿಟ್ಟು ಗಟ್ಟಿಯಾಗಿತ್ತು. ನಿನ್ನೆ ಬಂದ ಯಂತ್ರಕ್ಕೆ ಹಿಟ್ಟು ಎಲ್ಲಿಂದ ಬರಬೇಕು? ಸಾಲ ಅಲ್ಲಿಗೇ ನಿಂತಿತು. ಕಾಗದದ ಮೇಲೆ ಸಹಿ ಇದ್ದದ್ದು ಸಂಘದ ಹೆಂಗಸರದು, ಡೀಲರ್ ಆ ಹೊತ್ತಿಗೆ ಫೋನ್ ಎತ್ತುತ್ತಿರಲಿಲ್ಲ.

ಇನ್ನು ದಾರಿ ಇಲ್ಲವೆಂದಲ್ಲ. ಈಗಾಗಲೇ ಆಹಾರ ತಯಾರಿಸಿ ಮಾರುತ್ತಿರುವ ಸ್ವಸಹಾಯ ಸಂಘದ ಸದಸ್ಯೆಯರಿಗೆ ಇದೇ ಯೋಜನೆಯಲ್ಲಿ ಬೀಜಧನವಿದೆ, ಒಬ್ಬರಿಗೆ ಗರಿಷ್ಠ 40,000 ರೂಪಾಯಿ. ಅದು ಸ್ವಸಹಾಯ ಸಂಘಗಳೆಲ್ಲ ಸೇರಿದ ಸಂಜೀವಿನಿ ಒಕ್ಕೂಟದ ಮೂಲಕ ಬರುತ್ತದೆ, ಜೋಳ ಕೊಳ್ಳುವುದಕ್ಕೆ ಮತ್ತು ಸಣ್ಣ ಸಲಕರಣೆಗಳಿಗೆ. ಒಕ್ಕೂಟಕ್ಕೆ ಅದು ಅನುದಾನ, ನಿಮಗೆ ಸಾಲ. ತಿರುಗಿ ಕಟ್ಟಬೇಕು. ಗಿರಣಿ, ಪ್ಯಾಕಿಂಗ್ ಯಂತ್ರ ಇನ್ನೂ ಕೊಂಡಿಲ್ಲವಾದರೆ ಅವಕ್ಕೆ ಹೊಸದಾಗಿ ಅರ್ಜಿ ಹಾಕಿ. ಈ ಸಲ ಮಂಜೂರಾತಿ ಪತ್ರ ಕೈಗೆ ಬರುವ ತನಕ ಯಾರಿಗೂ ಮುಂಗಡ ಕೊಡಬೇಡಿ.

ಮೂರು ವಿಷಯ ತಿಳಿಸಿ. ಯಂತ್ರಕ್ಕೆ ಮೂರು ಫೇಸ್ ವಿದ್ಯುತ್ ಬೇಕೇ, ಹೆಸ್ಕಾಂನಲ್ಲಿ ಅರ್ಜಿ ಹಾಕಿದ್ದೀರಾ? ಬಿಲ್ಲು ಯಾರ ಹೆಸರಿನಲ್ಲಿದೆ? ಅಡವಿಟ್ಟ ಒಡವೆ ಯಾರದು?

ಹೊಸದುರ್ಗ: ಮೇಡಂ, ಕುರಿ ಸಾಕಣೆಗೆ ಯಾವ ಯೋಜನೆ ಇದೆ?

ಗದಗ: *ಹಲವು ಬಾರಿ ಫಾರ್ವರ್ಡ್ ಆಗಿದೆ* ಲಖ್‌ಪತಿ ದೀದಿ ಯೋಜನೆ! ಪ್ರತಿ ಮಹಿಳೆಗೆ 5 ಲಕ್ಷ ಉಚಿತ! ಇಂದೇ ಕೊನೆಯ ದಿನ! ಕೆಳಗಿನ ಲಿಂಕ್ ಒತ್ತಿ ಆಧಾರ್ ಸಂಖ್ಯೆ ಹಾಕಿ, ಹತ್ತು ಜನರಿಗೆ ಕಳಿಸಿ.

ಉತ್ತರ: ಅಳಿಸಿ. ಲಖ್‌ಪತಿ ದೀದಿ ಎಂದರೆ ಸಂಘದ ಸದಸ್ಯೆಯ ಮನೆಯ ವಾರ್ಷಿಕ ವರಮಾನವನ್ನು ಒಂದು ಲಕ್ಷ ದಾಟಿಸುವ ಗುರಿ. ಯಾರಿಗೂ ಲಕ್ಷ ಹಂಚುವ ಯೋಜನೆಯಲ್ಲ. ಸರ್ಕಾರದ ಯಾವ ಅರ್ಜಿಯೂ ಹತ್ತು ಜನರಿಗೆ ಕಳಿಸಿ ಎಂದು ಕೇಳುವುದಿಲ್ಲ. ಲಿಂಕ್ ಒತ್ತಿ ಒಟಿಪಿ ಕೊಟ್ಟವರು ಯಾರಾದರೂ ಇದ್ದರೆ ಈಗಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನನಗೆ ಆಮೇಲೆ ಹೇಳಿದರೂ ನಡೆಯುತ್ತದೆ.

ಗದಗ: ಒಳ್ಳೆಯದಾಗಲಿ ಎಂದು ಹಾಕಿದೆ ಮೇಡಂ. ಇಷ್ಟು ಸಿಟ್ಟೇಕೆ?

ಬ್ಯಾಡಗಿ, ಖಾರದ ಪುಡಿ: ನಮ್ಮಲ್ಲಿ ಒಬ್ಬರು ಅರ್ಜಿ ಹಾಕಿಸಿ ಕೊಡಲು 15,000 ಕೇಳುತ್ತಿದ್ದಾರೆ. ಕೊಡಬೇಕೇ?

ಉತ್ತರ: ಬೇಡ. ಯೋಜನಾ ವರದಿ ಬರೆಯುವುದು, ಬ್ಯಾಂಕಿಗೆ ಓಡಾಡುವುದು ಸಂಪನ್ಮೂಲ ವ್ಯಕ್ತಿಯ ಕೆಲಸ. ಸಾಲ ಮಂಜೂರಾದರೆ ಒಂದು ಅರ್ಜಿಗೆ 20,000 ರೂಪಾಯಿ ಅವರಿಗೆ ಯೋಜನೆಯಿಂದಲೇ ಸಂದಾಯವಾಗುತ್ತದೆ. ನಿಮ್ಮಿಂದ ಒಂದು ಚಹಾ ಕೂಡ ಬೇಕಿಲ್ಲ.

ಮಧುಗಿರಿ, ಹುಣಸೆ: ಹೇಳುವುದು ಸುಲಭ. ಕೊಡದಿದ್ದರೆ ಫೈಲು ಕದಲುವುದಿಲ್ಲ. ನಾನು ಮಧ್ಯವರ್ತಿಗೆ 8,000 ಕೊಟ್ಟೆ, ಎರಡು ತಿಂಗಳಲ್ಲಿ ಕೆಲಸ ಆಯಿತು.

ಬ್ಯಾಡಗಿ, ಖಾರದ ಪುಡಿ: ನೀವು 8,000 ಕೊಟ್ಟಿದ್ದಕ್ಕೇ ಅಣ್ಣಾ, ಅದು ನಮ್ಮ ಹೊತ್ತಿಗೆ 15,000 ಆಗಿರುವುದು.

ಮಧುಗಿರಿ, ಹುಣಸೆ: ನನ್ನ ದುಡ್ಡು, ನನ್ನ ಇಷ್ಟ. ನಿಮ್ಮ ಫೈಲು ವರ್ಷಗಟ್ಟಲೆ ಮೇಜಿನ ಮೇಲೆ ಮಲಗಿದಾಗ ಬಂದು ಹೇಳಿ.

ಬ್ಯಾಡಗಿ, ಖಾರದ ಪುಡಿ: ಮಲಗಲಿ. ಲಂಚ ಕೊಟ್ಟು ಅದನ್ನೇ ದೊಡ್ಡಸ್ತಿಕೆ ಎಂದು ಗುಂಪಿನಲ್ಲಿ ಸಾರುವುದಿಲ್ಲ.

ಶಿರಾ, ಎಣ್ಣೆ ಗಾಣ: ಇಬ್ಬರೂ ಖಾಸಗಿಯಾಗಿ ಮಾತನಾಡಿಕೊಳ್ಳಿ. ನಮಗೆ ಉಪಯೋಗವಾಗುವ ಮಾತು ಮೇಲೆ ಹೋಗಿಬಿಟ್ಟಿತು.

ಮಧುಗಿರಿ, ಹುಣಸೆ: ನಿಮ್ಮನ್ನು ಯಾರೂ ಕರೆಯಲಿಲ್ಲ.

ಉತ್ತರ: ಮಧುಗಿರಿಯವರೇ, ನೀವು ಕೊಟ್ಟ ಹಣಕ್ಕೆ ರಸೀದಿ ಇದೆಯೇ? ಇಲ್ಲದಿದ್ದರೆ ಅದು ಫೈಲು ಕದಲಿಸಿತೆಂದು ನಿಮಗೆ ಹೇಗೆ ಗೊತ್ತು? ತಾನಾಗಿ ಆಗುವ ಕೆಲಸಕ್ಕೂ ಮಧ್ಯವರ್ತಿ ಹಣ ಎಣಿಸಿಕೊಳ್ಳುತ್ತಾನೆ. ಬ್ಯಾಂಕ್ ತಡ ಮಾಡಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಿಮಾತಿನ ‘ನಾಳೆ ಬನ್ನಿ’ಗೆ ಬೆಲೆಯಿಲ್ಲ.

ಚಳ್ಳಕೆರೆ: ಸಹಾಯಧನ ಎಷ್ಟು ಮೇಡಂ?

ಉತ್ತರ: ಮೇಲೆ ಓದಿ.

ಅಂಕೋಲಾ: ನಮ್ಮೂರಿನ ಯುವಕ ಮಂಡಳಿ ಗ್ರಂಥಾಲಯ ಮಾಡಬೇಕೆಂದಿದೆ. ಇದರಲ್ಲಿ ಹಣ ಸಿಗುತ್ತದೆಯೇ?

ಉತ್ತರ: ಇದರಲ್ಲಿ ಇಲ್ಲ.

ಗದಗ: ನನ್ನ ಸಿಬಿಲ್ ಅಂಕ ಕಡಿಮೆ ಇದೆ. ಹೆಂಡತಿಯ ಹೆಸರಿನಲ್ಲಿ ಹಾಕಿ ನಾನೇ ನಡೆಸಬಹುದೇ?

ಉತ್ತರ: ನಡೆಸುವವರು ಅವರೇ ಆಗಿದ್ದರೆ ಹಾಕಲಿ. ಬರೀ ಸಹಿಗೆ ಕೂರಿಸುವುದಾದರೆ ನಾಳೆ ಅವರ ಅಂಕವೂ ಹೋಗುತ್ತದೆ.

ಚಳ್ಳಕೆರೆ: ಮೇಲೆ ಓದಿದೆ, ತಿಳಿಯಲಿಲ್ಲ. ಪೂರ್ತಿ ಉಚಿತದ್ದು ಯಾವುದೂ ಇಲ್ಲವೇ?

ಉತ್ತರ: ಇಲ್ಲ.

ಹೊಸದುರ್ಗ: ಮೇಡಂ, ಕುರಿ?

ಸಿಂದಗಿ, ಜೋಳದ ರೊಟ್ಟಿ: ತಡವಾಯಿತು ಮೇಡಂ, ರೊಟ್ಟಿ ಗಂಟು ಕಟ್ಟಿ ಬಸ್ಸಿಗೆ ಹಾಕಿ ಬಂದೆ. ಮೂರು ಫೇಸ್ ಬೇಕು, ಹೆಸ್ಕಾಂಗೆ ಇನ್ನೂ ಹೋಗಿಲ್ಲ. ಬಿಲ್ಲು ಅಧ್ಯಕ್ಷೆಯ ಮೈದುನನ ಹೆಸರಿನಲ್ಲಿದೆ. ಜಿಎಸ್‌ಟಿಗೆ ಅನುಕೂಲ ಎಂದು ಡೀಲರ್ ಹಾಗೆ ಬರೆದರು.

ಉತ್ತರ: ಹಾಗಾದರೆ ಸಹಾಯಧನದ ಮಾತು ಆಮೇಲೆ. ಕಾಗದದ ಪ್ರಕಾರ ಆ ಯಂತ್ರ ನಿಮ್ಮ ಸಂಘದ್ದಲ್ಲ. ನಾಳೆಯೇ ಸಭೆ ಕರೆಯಿರಿ. ಯಾರ ಒಡವೆ ಎಷ್ಟು ತೂಕ, ಎಷ್ಟಕ್ಕೆ ಅಡವಿಟ್ಟಿದ್ದು, ಬಡ್ಡಿ ಯಾರು ಕಟ್ಟುತ್ತಿದ್ದಾರೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ. ಯಂತ್ರವನ್ನು ಸಂಘಕ್ಕೆ ಬಿಟ್ಟುಕೊಟ್ಟಿದ್ದೇನೆ ಎಂದು ಆ ಮೈದುನನಿಂದ ಬರೆಸಿಕೊಂಡು ಹತ್ತೂ ಜನ ಸಹಿ ಹಾಕಿ. ಒಡವೆ ಕೊಟ್ಟವರು ಮೊದಲು ಮಾತನಾಡಲಿ, ಅಧ್ಯಕ್ಷೆ ಆಮೇಲೆ. ಯಾರದು ಎಂದು ನೀವು ಇನ್ನೂ ಹೇಳಲಿಲ್ಲ.

ಸಿಂದಗಿ, ಜೋಳದ ರೊಟ್ಟಿ: ನನ್ನದೇ ಮೇಡಂ. ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ಉತ್ತರ: ನಂಬರ್ ಖಾಸಗಿಯಾಗಿ ಕಳಿಸಿ. ಈಗಲೇ ಕರೆ ಮಾಡುತ್ತೇನೆ.