ಒಂದು ಕ್ಯಾಬಿನ ಇಂಜಿನ್‌ಗೆ ಎರಡನೇ ಕ್ಯಾಬ್: ಎಲ್ಲಿ ಕತ್ತರಿಸಲಿ?

ನಮಸ್ಕಾರ. ನನ್ನ ಹತ್ತಿರ 1:87 ಅಳತೆಯ ರೆಡಿಮೇಡ್ ಡಬ್ಲ್ಯುಡಿಪಿ-4ಬಿ ಮಾಡೆಲ್ ಇದೆ; ಒಂದೇ ತುದಿಯಲ್ಲಿ ಕ್ಯಾಬ್ (ಚಾಲಕನ ಕೋಣೆ) ಇರುವ ಡೀಸೆಲ್ ರೈಲು ಇಂಜಿನ್ ಅದು. ಅದನ್ನು ಎರಡೂ ತುದಿಗೆ ಕ್ಯಾಬ್ ಇರುವ ಡಬ್ಲ್ಯುಡಿಪಿ-4ಡಿ ಮಾಡಬೇಕು. ಕೆ.ಆರ್. ಪುರಂ ಶೆಡ್‌ನ ಇಂಜಿನ್‌ಗಳನ್ನು ನೋಡಿ ಹತ್ತಿದ ಹುಚ್ಚು! ಎರಡಕ್ಕೂ 6 ಆಕ್ಸಲ್, ಹಾಗಾಗಿ ಬೋಗಿಗೆ (ಚಕ್ರಗಳನ್ನು ಹಿಡಿದಿಡುವ ಚೌಕಟ್ಟಿಗೆ) ಕೈ ಹಾಕಬೇಕಿಲ್ಲ. ಇನ್ನೊಂದು ತುದಿಗೂ ಕ್ಯಾಬ್ ಕೂರಿಸಿದರೆ ಆಯ್ತು ಅಂದುಕೊಂಡೆ, ಸಿಕ್ಕಿಬಿದ್ದೆ.

ಮೊದಲು ರಟ್ಟಿನಲ್ಲಿ, ಆಮೇಲೆ 1 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಶೀಟಿನಲ್ಲಿ ಕ್ಯಾಬ್ ಕಟ್ಟಿದೆ. ಸೂಪರ್ ಗ್ಲೂ ಹಾಕಿದ್ದು ತಪ್ಪಾಯ್ತು. ಬೆಳಗ್ಗೆ ನೋಡಿದರೆ ಕಿಟಕಿಯ ಪ್ಲಾಸ್ಟಿಕ್ ಮೇಲೆಲ್ಲಾ ವಿಭೂತಿ ಬಳಿದ ಹಾಗೆ ಬಿಳಿ ಮಬ್ಬು. ಅದಿರಲಿ, ಕಿಟಕಿ ಬದಲಾಯಿಸಬಹುದು.

ನಿಜವಾದ ತಲೆನೋವು ಜಾಗದ್ದು. ಹಿಂದಿನ ರೇಡಿಯೇಟರ್ ಭಾಗ ಹಾಗೇ ಬಿಟ್ಟರೆ ಹೊಸ ಕ್ಯಾಬ್ ಬಫರ್ ದಾಟಿ ಹೊರಗೆ ಚಾಚುತ್ತದೆ. ಹುಡ್ಡನ್ನು (ಯಂತ್ರಭಾಗ ಮುಚ್ಚುವ ಉದ್ದನೆ ಹೊದಿಕೆಯನ್ನು) ಮಧ್ಯದಲ್ಲಿ ಕತ್ತರಿಸಿ ಗಿಡ್ಡ ಮಾಡಿದರೆ, ಕ್ಯಾಬಿನ ಗೋಡೆ ಬೋಗಿ ಮೇಲಿನ ಗೇರ್ ಪೆಟ್ಟಿಗೆಗೆ ತಗಲುತ್ತದೆ. ಫ್ರೇಮ್ ಉದ್ದ ಮಾಡೋಣವೆಂದರೆ ಅದು ಎರಕದ ಲೋಹ. ನನ್ನ ಹತ್ತಿರ ಇರುವುದು ಒಂದು ಸಣ್ಣ ಗರಗಸ ಅಷ್ಟೇ.

ಇಂಥದ್ದು ಮಾಡಿದವರು ಹೇಳಿ: ಫ್ರೇಮ್‌ಗೆ ತುಂಡು ಸೇರಿಸಲೇ, ಇಲ್ಲಾ ಹುಡ್ ಗಿಡ್ಡ ಮಾಡಿ ಕ್ಯಾಬಿನ ಒಳಗೋಡೆ ತೆಗೆದುಬಿಡಲೇ? ಹುಡ್ ಕತ್ತರಿಸುವುದಾದರೆ ಅದರ ಪಕ್ಕದ ಯಾವ ಬಾಗಿಲಿನ ಗೆರೆ ಮೇಲೆ?