ಬೋರ್‌ವೆಲ್ ನೀರಿನಲ್ಲಿ ಒಗೆದ ಬಿಳಿ ಬಟ್ಟೆಗಳಿಗೆ ತುಕ್ಕಿನ ಕಲೆ: ತೆಗೆಯುವುದು ಹೇಗೆ?

ತುಂಗಾತೀರ (ತೀರ್ಥಹಳ್ಳಿ ತಾಲ್ಲೂಕು):

ನಮ್ಮ ಮನೆಗೆ ಮೊದಲು ಗುಡ್ಡದಿಂದ ಅಬ್ಬಿ ನೀರು ಬರುತ್ತಿತ್ತು. ಬೇಸಿಗೆಯಲ್ಲಿ ಅದು ತೀರಾ ಸಣ್ಣಗಾಗುತ್ತಿದ್ದುದರಿಂದ ಎರಡು ವರ್ಷಗಳ ಹಿಂದೆ ಬೋರ್‌ವೆಲ್ ತೆಗೆಸಿದೆವು. ನೀರು ನಲ್ಲಿಯಿಂದ ಬೀಳುವಾಗ ತಿಳಿಯಾಗಿಯೇ ಕಾಣುತ್ತದೆ. ಆದರೆ ಒಗೆದು ಹರವಿದ ಬಿಳಿ ಪಂಚೆ, ಮಕ್ಕಳ ಶಾಲೆಯ ಅಂಗಿ ಇವೆಲ್ಲ ಒಣಗುತ್ತ ಬಂದಂತೆ ಇಟ್ಟಿಗೆ ಬಣ್ಣದ ಮಚ್ಚೆಗಳು ಮೂಡುತ್ತವೆ. ಕಳೆದ ವಾರ ಒಂದು ರಾಶಿ ಬಟ್ಟೆಯನ್ನು ರಾತ್ರಿಯಿಡೀ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ನೋಡಿದರೆ ಕಲೆ ಹೋಗುವುದಿರಲಿ, ಮೊದಲಿಗಿಂತ ಗಾಢವಾಗಿತ್ತು. ಇನ್ನೊಂದು ಸಂಗತಿ: ಅಡಿಕೆ ಸುಲಿಯುವಾಗ ಉಡುವ ಹಳೆಯ ಸೀರೆಗಳ ಮೇಲಿನ ಚೊಗರಿನ ಕಲೆ ಮೊದಲು ಕಂದಾಗಿರುತ್ತಿತ್ತು, ಈ ನೀರಿನಲ್ಲಿ ಒಗೆದ ಮೇಲೆ ಕಪ್ಪಾಗುತ್ತಿದೆ. ಮುಂದಿನ ತಿಂಗಳು ಮನೆಯಲ್ಲಿ ಉಪನಯನವಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಅಡಿಕೆಮನೆ (ಸಾಗರ):

ಅಕ್ಕಾ, ಮೊದಲು ಆ ಬ್ಲೀಚಿಂಗ್ ಪೌಡರನ್ನು ಬಟ್ಟೆಯ ಹತ್ತಿರ ತರುವುದನ್ನು ನಿಲ್ಲಿಸಿ. ಇದೇ ತಪ್ಪನ್ನು ನಾನೂ ಮಾಡಿ ಒಂದು ಹೊಸ ಹಾಸಿಗೆ ಹೊದಿಕೆಯನ್ನು ಕಳೆದುಕೊಂಡಿದ್ದೇನೆ. ನನ್ನ ತವರು ಕರಾವಳಿಯ ಕಡೆಯದು. ಅಲ್ಲಿ ತುಕ್ಕಿನ ಕಲೆಗೆ ಬಿಂಬುಳಿ ಎಂಬ ಹುಳಿಕಾಯಿಯನ್ನು ಜಜ್ಜಿ ಉಜ್ಜುತ್ತಾರೆ. ನಿಮ್ಮ ಕಡೆ ಸಿಗದಿದ್ದರೆ ನಿಂಬೆರಸಕ್ಕೆ ಸ್ವಲ್ಪ ಉಪ್ಪು ಬೆರೆಸಿ ಕಲೆಯ ಮೇಲೆ ಹಚ್ಚಿ, ಒಂದೆರಡು ಗಂಟೆ ಎಳೆಬಿಸಿಲಿನಲ್ಲಿ ಇಟ್ಟು, ರಸ ಒಣಗಲು ಬಿಡದೆ ಮತ್ತೆ ಮತ್ತೆ ಹಚ್ಚುತ್ತಿರಿ. ಮಚ್ಚೆ ಒಂದೆರಡಿದ್ದರೆ ಇಷ್ಟು ಸಾಕು. ಬಕೆಟ್ಟುಗಟ್ಟಲೆ ಬಟ್ಟೆಯಿದ್ದರೆ ನಿಂಬೆಹಣ್ಣು ಹಿಂಡುತ್ತಾ ಕೂರುವುದು ಆಗದ ಮಾತು.

ನಿವೃತ್ತ ಮೇಷ್ಟ್ರು (ಶಿವಮೊಗ್ಗ):

ರಸಾಯನಶಾಸ್ತ್ರ ಪಾಠ ಮಾಡಿದವನಾದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರಿಸಬೇಡಿ. ಆಳದ ನೀರಿನಲ್ಲಿ ಗಾಳಿಯ ಸಂಪರ್ಕವಿಲ್ಲದೆ ಕರಗಿರುವ ಕಬ್ಬಿಣಕ್ಕೆ ಬಣ್ಣವಿರುವುದಿಲ್ಲ. ಅದು ಮೇಲೆ ಬಂದು ಗಾಳಿಯ ಆಮ್ಲಜನಕದೊಂದಿಗೆ ಸೇರಿದಾಗ ಕರಗದ, ಕೆಂಗಂದು ಬಣ್ಣದ ರೂಪಕ್ಕೆ ತಿರುಗಿ ನೂಲಿನ ಎಳೆಗಳಲ್ಲಿ ಕೂರುತ್ತದೆ. ತಿಳಿನೀರಿನಲ್ಲಿ ಒಗೆದ ಬಟ್ಟೆ ಒಣಗುವಾಗ ಕೆಂಪಾಗುವುದು ಹೀಗೆ. ಸೋಪಿನ ಪುಡಿಯ ಕ್ಷಾರಗುಣ ಈ ಕ್ರಿಯೆಯನ್ನು ಇನ್ನೂ ಬೇಗ ನಡೆಸುತ್ತದೆ, ಬ್ಲೀಚಿಂಗ್ ಪೌಡರ್ ಅಂತೂ ಕ್ಷಣದಲ್ಲಿ ನಡೆಸುತ್ತದೆ. ಅದು ಕಲೆಯನ್ನು ತೆಗೆಯಲಿಲ್ಲ, ನೀರಿನಲ್ಲಿ ಇನ್ನೂ ಕಾಣದಿದ್ದ ಕಬ್ಬಿಣವನ್ನೂ ಬಟ್ಟೆಗೆ ಅಂಟಿಸಿತು. ಲೀಟರಿಗೆ 0.3 ಮಿಲಿಗ್ರಾಂ ದಾಟಿದ ಕಬ್ಬಿಣ ಬಟ್ಟೆಗೆ ಕಲೆ ಹಿಡಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕುಡಿಯುವ ನೀರಿನ ಮಾರ್ಗಸೂಚಿಯಲ್ಲಿದೆ. ಅಷ್ಟು ಅಲ್ಪ ಪ್ರಮಾಣವೇ ಸಾಕು.

ಚೊಗರು ಕಪ್ಪಾಗುವುದು ಬೇರೆ ಕಥೆ. ಅಡಿಕೆಯ ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ನಮ್ಮ ಹಿರಿಯರು ಟ್ಯಾನಿನ್ ತುಂಬಿದ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಲವಣ, ಬೆರೆಸಿ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ. ನಿಮ್ಮ ಸೀರೆಯ ಮೇಲೆ ಶಾಯಿಯೇ ತಯಾರಾಗುತ್ತಿದೆ ಎನ್ನಿ.

ತುಕ್ಕು ಸೋಪಿಗೆ ಬಗ್ಗುವುದಿಲ್ಲ, ಹುಳಿಗೆ ಬಗ್ಗುತ್ತದೆ. ಅಂಗಡಿಯಲ್ಲಿ ಸಿಗುವ ನಿಂಬೆಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲವನ್ನು, 5 ಲೀಟರ್ ಬಿಸಿನೀರಿಗೆ ಎರಡು ಮೂರು ದೊಡ್ಡ ಚಮಚದಂತೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಬಿಳಿ ಹತ್ತಿ ಬಟ್ಟೆಗಳನ್ನು ಒಂದೆರಡು ಗಂಟೆ ನೆನೆಸಿ, ಆಮೇಲೆ ಚೆನ್ನಾಗಿ ಜಾಲಿಸಿ. ಹುಳಿ ಬಟ್ಟೆಯಲ್ಲೇ ಉಳಿದು ಒಣಗಿದರೆ ನೂಲು ಶಿಥಿಲವಾಗುತ್ತದೆ. ಇದಕ್ಕೂ ಬಗ್ಗದ ಹಳೆಯ ಕಲೆಗೆ ಆಕ್ಸಾಲಿಕ್ ಆಮ್ಲ ಹೆಚ್ಚು ಪರಿಣಾಮಕಾರಿ. ಬಿಂಬುಳಿಯಲ್ಲಿ ಕೆಲಸ ಮಾಡುವುದೂ ಅದೇ. ಆದರೆ ಪುಡಿಯ ರೂಪದಲ್ಲಿ ಸಿಗುವ ಆಕ್ಸಾಲಿಕ್ ಆಮ್ಲ ವಿಷ. ಒಂದು ಲೀಟರಿಗೆ ಒಂದು ಸಣ್ಣ ಚಮಚಕ್ಕಿಂತ ಹೆಚ್ಚು ಹಾಕದೆ, ರಬ್ಬರ್ ಕೈಗವಸು ಧರಿಸಿ, ಅಡುಗೆಯ ಪಾತ್ರೆ ಮುಟ್ಟದೆ, ಮಕ್ಕಳ ಕೈಗೆ ಸಿಗದಂತೆ ಬಳಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿದ ಬಟ್ಟೆಯನ್ನು ಪೂರ್ತಿ ಜಾಲಿಸದೆ ಯಾವ ಹುಳಿಗೂ ಹಾಕಬೇಡಿ. ಅವೆರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ರೇಷ್ಮೆ ಮತ್ತು ಬಣ್ಣದ ಅಂಚಿನ ಬಟ್ಟೆಗಳನ್ನು ಮೊದಲು ಒಳಮಡಿಕೆಯ ಮೂಲೆಯಲ್ಲಿ ಪರೀಕ್ಷಿಸಿ.

ಪೈಪು ಕೆಲಸದವನು (ಹೊಸನಗರ):

ಮೇಷ್ಟ್ರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದೇ ನೀರಿನಲ್ಲಿ ಜಾಲಿಸಿದರೆ ಕಲೆ ನಾಳೆ ಮತ್ತೆ ಬರುತ್ತದೆ. ಆದ್ದರಿಂದ ಕಬ್ಬಿಣ ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಿ. ಪಂಪಿನ ಬಾಯಿಯಲ್ಲೇ ಒಂದು ಬಿಳಿ ಬಕೆಟ್ಟಿಗೆ, ಮನೆಯ ನಲ್ಲಿಯಿಂದ ಇನ್ನೊಂದಕ್ಕೆ ನೀರು ಹಿಡಿದು ರಾತ್ರಿಯಿಡೀ ಬಿಡಿ. ಎರಡರಲ್ಲೂ ಬೆಳಿಗ್ಗೆ ಕೆಂಪು ಕೆಸರು ಕೂತಿದ್ದರೆ ಕಬ್ಬಿಣ ನೆಲದ್ದು. ಬೆಳಗಿನ ಮೊದಲ ನೀರು ಮಾತ್ರ ಕೆಂಪಗಿದ್ದು ಸ್ವಲ್ಪ ಹೊತ್ತು ಹರಿದ ಮೇಲೆ ತಿಳಿಯಾಗುತ್ತಿದ್ದರೆ ತುಕ್ಕು ಹಿಡಿದ ಹಳೆಯ ಕಬ್ಬಿಣದ ಪೈಪಿನದ್ದು, ಅದನ್ನು ಬದಲಿಸುವುದೇ ದಾರಿ. ಟ್ಯಾಂಕಿನ ಗೋಡೆಗೆ ಜಾರುವ ಕಿತ್ತಳೆ ಲೋಳೆ ಅಂಟಿದ್ದರೆ ಕಬ್ಬಿಣವನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯ ಇರಬಹುದು.

ನೆಲದ್ದಾದರೆ, ನೀರು ತೂತುಗಳಿರುವ ಪೈಪಿನಿಂದ ಹನಿಹನಿಯಾಗಿ ಗಾಳಿಯಲ್ಲಿ ಬೀಳುವಂತೆ ಮಾಡಿ, ಕೆಳಗೆ ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ ಟ್ಯಾಂಕಿಗೆ ಬಿಡಬಹುದು. ಮಲೆನಾಡಿನ ಜಂಬಿಟ್ಟಿಗೆ ನೆಲದ ನೀರು ಹಲವೆಡೆ ಸ್ವಲ್ಪ ಹುಳಿಯಾಗಿರುವುದರಿಂದ ಕಬ್ಬಿಣ ಬೇಗ ಕೂರುವುದಿಲ್ಲ, ಸುಣ್ಣಕಲ್ಲಿನ ಚೂರನ್ನು ಒಂದು ಪದರ ಹಾಕಿದರೆ ಅನುಕೂಲ. ಮೇಲಿನ ಮರಳು ಕಟ್ಟಿಕೊಂಡಾಗ ತೆಗೆದು ತೊಳೆಯಲೇಬೇಕು, ಇದರಲ್ಲಿ ಸೋಮಾರಿತನ ನಡೆಯುವುದಿಲ್ಲ. ಅದಾಗುವವರೆಗೆ ಬಿಳಿ ಬಟ್ಟೆಯನ್ನಾದರೂ ಅಬ್ಬಿ ನೀರಿನಲ್ಲಿ ಅಥವಾ ಮಳೆನೀರಿನಲ್ಲಿ ಒಗೆಯಿರಿ. ಸೂರಿನ ಕೆಳಗೆ ಹಂಡೆ ಇಡುವುದು ನಮಗೇನು ಹೊಸದೇ?

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಎರಡೂ ಬಕೆಟ್ಟುಗಳಲ್ಲಿ ಕೆಂಪು ಕೆಸರು ಕೂತಿತ್ತು, ಹಾಗಾಗಿ ದೋಷ ನೆಲದ್ದೇ. ಅಂಗಿಗಳು ನಿಂಬೆಉಪ್ಪಿನ ನೀರಿನಲ್ಲಿ ಒಂದೇ ಸಲಕ್ಕೆ ಬೆಳ್ಳಗಾದವು. ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿದ್ದ ಪಂಚೆಗಳನ್ನು ಮೇಷ್ಟ್ರು ಹೇಳಿದಂತೆ ಪೂರ್ತಿ ಜಾಲಿಸಿ, ಮಾರನೆಯ ದಿನ ಹುಳಿಗೆ ಹಾಕಿದೆ. ಮೂರು ಸಲ ಮಾಡಬೇಕಾಯಿತು, ಒಂದರ ಕೆಂಪಂಚು ಸ್ವಲ್ಪ ಮಾಸಿತು. ಅಡಿಕೆ ಸೀರೆಗಳನ್ನು ಹಾಗೆಯೇ ಬಿಟ್ಟಿದ್ದೇನೆ, ಹೇಗೂ ಅವು ಅಡಿಕೆ ಚಪ್ಪರದ ಕೆಳಗಿನವು. ಸೋಸುವ ಡ್ರಮ್ಮಿಗೆ ಯಾವ ಗಾತ್ರದ ಜಲ್ಲಿ ತರಬೇಕೆಂದು ಹೊಸನಗರದವರು ತಿಳಿಸಿದರೆ ಈ ಭಾನುವಾರವೇ ಕೆಲಸ ಹಿಡಿಸುತ್ತೇವೆ.

ಪೈಪು ಕೆಲಸದವನು:

ಅಡಿಗೆ ಹೆಬ್ಬೆರಳ ಗಾತ್ರದ್ದು, ಅದರ ಮೇಲೆ ಕಡಲೆಕಾಳಿನ ಗಾತ್ರದ್ದು. ಮರಳನ್ನು ತೊಳೆದ ನೀರು ತಿಳಿಯಾಗುವವರೆಗೆ ತೊಳೆದೇ ಹಾಕಿ.