ಹೇಡ್ರಿಯನ್ ಗೋಡೆ ದಾರಿ: ಒಂದೇ ದಿನ ನಡೆಯೋದಾದ್ರೆ ಯಾವ ಭಾಗ?

ಲೀಡ್ಸ್_ಮಲ್ನಾಡಿಗ:
ಸೆಪ್ಟೆಂಬರ್‌ನಲ್ಲಿ ಊರಿಂದ ಅಪ್ಪ ಬರುತ್ತಿದ್ದಾರೆ. 64 ವರ್ಷ. ಮೂಡಿಗೆರೆ ಹತ್ತಿರ ಕಾಫಿ ತೋಟದಲ್ಲಿ ದಿನವಿಡೀ ಓಡಾಡುವವರು, ಗುಡ್ಡ ಹತ್ತೋದು ಅವರಿಗೆ ಲೆಕ್ಕಕ್ಕೇ ಇಲ್ಲ, ಆದರೆ ಇಳಿಯುವಾಗ ಮಂಡಿ ಹಿಡಿದುಕೊಳ್ಳುತ್ತೆ. ಊರು, ಮಾಲು, ಮ್ಯೂಸಿಯಂ ತೋರಿಸಿದರೆ "ಚೆನ್ನಾಗಿದೆ" ಅಂತ ಸುಮ್ಮನಾಗಿಬಿಡುತ್ತಾರೆ. ಹೊಲ, ಕುರಿ, ಬೇಲಿ ಕಂಡರೆ ಮಾತು ಶುರು. ಅದಕ್ಕೇ ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಗೋಡೆಯ ಉದ್ದಕ್ಕೂ ಹೋಗುವ ಈ ನಡಿಗೆ ದಾರಿ ಯೋಚಿಸಿದ್ದು. ಪೂರ್ತಿ 135 ಕಿ.ಮೀ. ಆಗದ ಮಾತು, ಇರೋದು ಒಂದು ದಿನ. ಚೊಲರ್ಫರ್ಡ್‌ನಿಂದ ಒನ್ಸ್ ಬ್ರೂಡ್‌ವರೆಗೆ, ಹತ್ತಿರಹತ್ತಿರ 20 ಕಿ.ಮೀ., ಮಾಡಬಹುದಾ? ಕಾರು ಎಲ್ಲಿ ಬಿಡೋದು? ದಾರಿಯಲ್ಲಿ ಸಸ್ಯಾಹಾರಿ ಊಟ ಸಿಗುತ್ತಾ?

ಟೈನ್_ದಡದವನು:
ಮಾಡಬಹುದು, ಮಾಡಿ. ಕಾರನ್ನು ಒನ್ಸ್ ಬ್ರೂಡ್‌ನ ಸಿಲ್ ಸೆಂಟರ್ (ಪ್ರವಾಸಿ ಕೇಂದ್ರ) ಹತ್ತಿರ ಬಿಡಿ, ಬೆಳಿಗ್ಗೆ AD122 ಬಸ್ ಹತ್ತಿ ಚೊಲರ್ಫರ್ಡ್ ಕಡೆ ಹೋಗಿ, ಅಲ್ಲಿಂದ ಕಾರಿನ ಕಡೆಗೇ ನಡೆದು ಬನ್ನಿ. ಹೀಗೆ ಮಾಡಿದರೆ ಸಂಜೆ ಬಸ್ ತಪ್ಪೀತು ಅನ್ನೋ ಟೆನ್ಶನ್ ಇರಲ್ಲ.

ಮೊದಲರ್ಧದಲ್ಲಿ ಗೋಡೆ ಜಾಸ್ತಿ ಉಳಿದಿಲ್ಲ ಅಂತ ಬೇಜಾರಾಗಬೇಡಿ. 1745ರಲ್ಲಿ ರಾಜನ ವಿರುದ್ಧ ಜಾಕೊಬೈಟರ ದಂಗೆ ಆದ ಮೇಲೆ ಸೈನ್ಯ ಓಡಾಡೋಕೆ ಅಂತ ರಸ್ತೆ ಮಾಡಿದರಲ್ಲ, ಗೋಡೆಯ ಕಲ್ಲನ್ನೇ ಕೆಡವಿ ಅದಕ್ಕೆ ಹಾಕಿಬಿಟ್ಟರು. ಈಗಿನ B6318 ಅದೇ. ಆದರೆ ಲೈಮ್‌ಸ್ಟೋನ್ ಕಾರ್ನರ್ ಅಂತ ಒಂದು ಜಾಗ ಬರುತ್ತೆ, ಅಲ್ಲಿ ಐದು ನಿಮಿಷ ನಿಲ್ಲಿ. ರೋಮನ್ನರು ಕಂದಕ ತೋಡುತ್ತಾ ಬಂದು ಗಟ್ಟಿ ಬಂಡೆ ಸಿಕ್ಕಿದ್ದಕ್ಕೆ ಅರ್ಧಕ್ಕೇ ಬಿಟ್ಟು ಹೋಗಿದ್ದಾರೆ. ಒಂದು ದೊಡ್ಡ ಬಂಡೆ ಮೇಲೆ ಬೆಣೆ ಹೊಡೆಯೋಕೆ ಕೊರೆದ ಗುಳಿಗಳು ಸಾಲಾಗಿ ಇನ್ನೂ ಹಾಗೇ ಇವೆ, ಥೇಟ್ ಹಂಪಿ ಬಂಡೆಗಳ ಮೇಲೆ ಕಾಣುತ್ತವಲ್ಲ ಹಾಗೆ. ನಿಮ್ಮ ತಂದೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿಂದ ಮುಂದೆ ಬ್ರೊಕೊಲಿಟಿಯಾ ಅನ್ನೋ ರೋಮನ್ ಕೋಟೆ ಹತ್ತಿರ, ರೋಮನ್ ಸೈನಿಕರು ಪೂಜಿಸುತ್ತಿದ್ದ ಮಿತ್ರಸ್ ದೇವರ ಪುಟ್ಟ ಗುಡಿಯ ಪಾಯ ಇದೆ, ದಾರಿ ಪಕ್ಕದಲ್ಲೇ.

ಮಂಡಿನೋವು_ಮೇಡಂ:
20 ಕಿ.ಮೀ. ಬೇಡ ಅಂತ ನನ್ನ ಅಭಿಪ್ರಾಯ. ಮೇಲಿನವರು ಹೇಳಿದ ದಿಕ್ಕಂತೂ ಬೇಡವೇ ಬೇಡ. ಪೂರ್ವದಿಂದ ಪಶ್ಚಿಮಕ್ಕೆ ಬಂದರೆ ದಿನದ ಕೊನೆಯಲ್ಲಿ, ಕಾಲು ಸೋತಿರುವಾಗ, ಪೀಲ್ ಕ್ರ್ಯಾಗ್‌ನ ಕಡಿದಾದ ಕಲ್ಲಿನ ಮೆಟ್ಟಿಲು ಇಳೀಬೇಕು. ಮಳೆ ಬಂದಿದ್ದರೆ ಜಾರುತ್ತೆ ಬೇರೆ. ಮಂಡಿ ಇರುವವರಿಗೆ (ನನಗೂ ಇದೆ) ಅದು ಶಿಕ್ಷೆ. ಅದೇ ಒನ್ಸ್ ಬ್ರೂಡ್ ಹತ್ತಿರವೇ ಇರೋ ಸ್ಟೀಲ್ ರಿಗ್ ಕಡೆಯಿಂದ ಪೂರ್ವಕ್ಕೆ ಹೊರಟರೆ ಆ ಮೆಟ್ಟಿಲು ಬೆಳಿಗ್ಗೆಯೇ ಹತ್ತೋದಾಗುತ್ತೆ, ಹತ್ತೋದು ನಿಮ್ಮ ಅಪ್ಪನಿಗೆ ಕಷ್ಟ ಇಲ್ಲ ಅಂತೀರಲ್ಲ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸೋದರಿಂದ ಬೆನ್ನಿಗೇ ಇರುತ್ತೆ.

ಸ್ಟೀಲ್ ರಿಗ್‌ನಿಂದ ಹೌಸ್‌ಸ್ಟೆಡ್ಸ್ ಕೋಟೆವರೆಗೆ 5 ಕಿ.ಮೀ. ಆಸುಪಾಸು. ಕಡಿಮೆ ಅನ್ನಿಸಬಹುದು, ಆದರೆ ಈ ಗೋಡೆಯ ನಿಜವಾದ ಸೊಗಸು ಇರೋದೇ ಇಲ್ಲಿ. ವಿನ್ ಸಿಲ್ ಅನ್ನೋ ಕಪ್ಪು ಬಂಡೆಯ ಅಂಚಿನ ಮೇಲೇ ಗೋಡೆ ಏರಿ ಇಳಿದು ಹೋಗುತ್ತೆ, ಕೆಳಗೆ ಕ್ರ್ಯಾಗ್ ಲಾಫ್ ಕೆರೆ. ನಡುವೆ ಸಿಕಮೋರ್ ಗ್ಯಾಪ್ ಅನ್ನೋ ತಗ್ಗು, ಒಂಟಿ ಮರಕ್ಕೆ ಹೆಸರಾಗಿದ್ದದ್ದು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮರ ಕಡಿದುಹಾಕಿದ್ದು ಗೊತ್ತಲ್ವಾ, ಮರುವರ್ಷ ಬುಡದಿಂದ ಚಿಗುರು ಒಡೆದಿದೆ. ಗೋಡೆ ಮೇಲೆ ಹತ್ತಿ ನಡೆಯೋ ಹಾಗಿಲ್ಲ, ಹೌಸ್‌ಸ್ಟೆಡ್ಸ್‌ಗೆ ಸ್ವಲ್ಪ ಮುಂಚೆ ಮರಗಳ ತೋಪಿನಲ್ಲಿ ಒಂದು ಚಿಕ್ಕ ತುಂಡು ಬಿಟ್ಟು. ಏರಿಳಿತ ಪೂರ್ತಿ ತಪ್ಪಲ್ಲ, ಎರಡು ಕೈಗೂ ಕೋಲು ಕೊಡಿ.

ಟೈನ್_ದಡದವನು:
ಮಂಡಿ ವಿಷಯಕ್ಕೆ ಒಪ್ಪಿದೆ ಮೇಡಂ. ಆದರೆ ದಿನಾ ತೋಟ ಸುತ್ತುವವರನ್ನು ಅಷ್ಟು ದೂರ ಕರೆದುಕೊಂಡು ಹೋಗಿ 5 ಕಿ.ಮೀ.ಗೆ ನಿಲ್ಲಿಸೋದು ಅನ್ಯಾಯ. ಹೌಸ್‌ಸ್ಟೆಡ್ಸ್‌ನಲ್ಲಿ ಊಟ ಮಾಡಿ, ಮಂಡಿ ಸುಮ್ಮನಿದ್ದರೆ ಇನ್ನೂ ಪೂರ್ವಕ್ಕೆ ಸೂವಿಂಗ್‌ಶೀಲ್ಡ್ಸ್ ಕಡೆ ಸಾಗಲಿ, ಎಷ್ಟು ಬೇಕೋ ಅಷ್ಟು ಹೋಗಿ ತಿರುಗಿ ಹೌಸ್‌ಸ್ಟೆಡ್ಸ್‌ಗೇ ಬಂದು ಬಸ್ ಹಿಡಿಯಲಿ. ಬಸ್ ಟೈಮ್ ಮಾತ್ರ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ, ದಿನಕ್ಕೆ ಕೆಲವೇ ಕೆಲವು.

ಚಟ್ನಿಪುಡಿ:
ಊಟ ಕಟ್ಟಿಕೊಂಡೇ ಹೋಗಿ. ಹೌಸ್‌ಸ್ಟೆಡ್ಸ್‌ನಲ್ಲಿ ಚಹಾ, ಕೇಕು ಸಿಗುತ್ತೆ, ಅದನ್ನು ನಮ್ಮ ಹಿರಿಯರು ಊಟ ಅಂತ ಒಪ್ಪಲ್ಲ. ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುತ್ತಿಟ್ಟರೆ ಗಾಳಿಗೆ ಬೆನ್ನು ಕೊಟ್ಟು ಒಂದೇ ಕೈಯಲ್ಲಿ ತಿನ್ನಬಹುದು. ಚಿತ್ರಾನ್ನ ಬೇಡ, ಆ ಗಾಳಿಗೆ ಅರ್ಧ ಅನ್ನ ಕುರಿಗಳಿಗೆ.

ಇನ್ನೊಂದು. ಈ ದಾರಿ ರೈತರ ಹುಲ್ಲುಗಾವಲಿನ ಮಧ್ಯೆಯೇ ಹೋಗುತ್ತೆ. ಗೇಟು ಹಾಕಿದ್ದರೆ ದಾಟಿದ ಮೇಲೆ ಹಾಕಿ, ತೆಗೆದಿಟ್ಟಿದ್ದರೆ ಹಾಗೇ ಬಿಡಿ. ಅಕಾರ್ನ್ (ಓಕ್ ಮರದ ಕಾಯಿ) ಗುರುತು ನೋಡಿಕೊಂಡು ನಡೆದರೆ ದಾರಿ ತಪ್ಪಲ್ಲ. ಅಪ್ಪನಿಗೆ ಹಸು ಕಂಡರೆ ಹತ್ತಿರ ಹೋಗಿ ಮೈ ಸವರೋ ಅಭ್ಯಾಸ ಇದ್ದರೆ ಮೊದಲೇ ಹೇಳಿಬಿಡಿ, ಕರು ಜೊತೆ ಇರೋ ಹಸು ಇಲ್ಲಿ ಮೇಲೆ ಬೀಳುತ್ತೆ, ದೂರದಿಂದ ಬಳಸಿಕೊಂಡು ಹೋಗಬೇಕು.

ಲೀಡ್ಸ್_ಮಲ್ನಾಡಿಗ:
ಎಲ್ಲರಿಗೂ ಥ್ಯಾಂಕ್ಸ್. ಸ್ಟೀಲ್ ರಿಗ್‌ನಿಂದ ಪೂರ್ವಕ್ಕೆ, ಊಟ ಹೌಸ್‌ಸ್ಟೆಡ್ಸ್‌ನಲ್ಲಿ, ಅಲ್ಲಿಂದ ಮುಂದೆ ಮಂಡಿ ಹೇಳಿದಂತೆ. ಹಸು ವಿಷಯ ಹೇಳಿದ್ದು ಒಳ್ಳೇದಾಯ್ತು, ಖಂಡಿತ ಸವರೋಕೆ ಹೋಗ್ತಾರೆ. ಶೂ ಇಲ್ಲೇ ಬಂದ ಮೇಲೆ ಕೊಡಿಸಿದರೆ ಸಾಕಲ್ವಾ?

ಮಂಡಿನೋವು_ಮೇಡಂ:
ಹೊಸ ಶೂ ಹಾಕಿಸಿ ಮಾರನೇ ದಿನ ಗುಡ್ಡಕ್ಕೆ ಕರೆದುಕೊಂಡು ಹೋದರೆ ಹಿಮ್ಮಡಿಯಲ್ಲಿ ಗುಳ್ಳೆ ಗ್ಯಾರಂಟಿ. ಈಗಲೇ ಊರಲ್ಲಿ ಒಂದು ಜೊತೆ ತಗೊಂಡು, ದಪ್ಪ ಸಾಕ್ಸ್ ಹಾಕಿಕೊಂಡು ತೋಟದಲ್ಲಿ ಓಡಾಡೋಕೆ ಹೇಳಿ. ಅಳತೆ ನೋಡೋದು ಸಾಯಂಕಾಲ, ಕಾಲು ಸ್ವಲ್ಪ ಊದಿರುವಾಗ.